ಬೈಕ್ ಕಳುವಾಗಿದೆ, ಇರೋದು ಒಂದೇ ಕೀ: ಕ್ಲೇಮ್ ಸಿಗುತ್ತಾ?

ಪ್ರಶ್ನೆ: ಸರ್, ಮನೆ ಮುಂದೆ ನಿಲ್ಲಿಸಿದ್ದ ನನ್ನ ಬೈಕ್ ಹೋದ ತಿಂಗಳು ರಾತ್ರೋರಾತ್ರಿ ಕಳುವಾಯಿತು. ಹ್ಯಾಂಡಲ್ ಲಾಕ್ ಹಾಕಿದ್ದೆ. ಬೆಳಿಗ್ಗೆ ಎದ್ದು ನೋಡಿದ ತಕ್ಷಣ 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ನೋಡಿ, 'ಎರಡು ದಿನ ಹುಡುಕಿ, ಸಿಗದಿದ್ದರೆ ಠಾಣೆಗೆ ಬನ್ನಿ' ಅಂದರು. ಮೂರನೇ ದಿನ ಲಿಖಿತ ದೂರು ಕೊಟ್ಟೆ. ಎಫ್‌ಐಆರ್ ಆಗಿದ್ದು ಐದನೇ ದಿನ. ವಿಮಾ ಕಂಪನಿಗೆ ತಿಳಿಸಿದ್ದು ಏಳನೇ ದಿನ. ಈಗ ಕಂಪನಿಯವರು ಫೋನಿನಲ್ಲಿ 'ತಡ ಮಾಡಿದ್ದೀರಿ, ಕ್ಲೇಮ್ ಆಗೋದು ಕಷ್ಟ' ಅನ್ನುತ್ತಾರೆ. ಎರಡೂ ಕೀ ಕೇಳುತ್ತಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ, ಇನ್ನೊಂದು ಹೋದ ವರ್ಷವೇ ಕಳೆದುಹೋಗಿದೆ. ಡೂಪ್ಲಿಕೇಟ್ ಮಾಡಿಸಿ ಕೊಟ್ಟುಬಿಡು ಅಂತ ಗೆಳೆಯರು ಹೇಳುತ್ತಾರೆ. ಬೈಕಿಗೆ ಎರಡೂವರೆ ವರ್ಷ. ಐಡಿವಿ (ಪಾಲಿಸಿಯಲ್ಲಿ ಬರೆದಿರುವ ಬೈಕಿನ ವಿಮಾ ಬೆಲೆ) 70,000 ರೂಪಾಯಿ. ಬ್ಯಾಂಕ್ ಸಾಲ ಇನ್ನೂ 18,000 ಬಾಕಿ ಇದೆ. ಏನು ಮಾಡಲಿ?

ಉತ್ತರ: ಮೊದಲು ಕೀ ವಿಷಯ. ಡೂಪ್ಲಿಕೇಟ್ ಮಾಡಿಸಬೇಡಿ. ಮಾಡಿಸಿದ್ದರೂ ಕಂಪನಿಗೆ ಕೊಡಬೇಡಿ. ಈ ಇಡೀ ಕಾಗದಪತ್ರದ ಗಲಾಟೆಯಲ್ಲಿ ನಿಮ್ಮ ಕ್ಲೇಮನ್ನು ಖಂಡಿತ ಕೊಲ್ಲುವ ಕೆಲಸ ಯಾವುದಾದರೂ ಇದ್ದರೆ ಅದು ಇದೇ.

ವಾಹನ ವಿಮೆಯ ಕ್ಲೇಮುಗಳನ್ನು ನೋಡುತ್ತಾ ನಾನು ಬಹಳ ವರ್ಷ ಕಳೆದಿದ್ದೇನೆ. ಟೇಬಲ್ ಮೇಲೆ ಎರಡು ಕೀ ಇಟ್ಟರೆ ಯಾವುದು ದಿನಾ ಬಳಸಿದ್ದು, ಯಾವುದು ಮೊನ್ನೆ ಕತ್ತರಿಸಿದ್ದು ಅಂತ ಹೇಳೋಕೆ ದೊಡ್ಡ ಲ್ಯಾಬ್ ಏನೂ ಬೇಡ. ದಿನಾ ಬಳಸಿದ ಕೀಯ ಹಲ್ಲಿನ ಅಂಚು ಸವೆದು ನುಣುಪಾಗಿರುತ್ತದೆ. ರಿಂಗ್ ಉಜ್ಜಿ ಉಜ್ಜಿ ತೂತಿನ ಸುತ್ತ ಗೀರು ಬಿದ್ದಿರುತ್ತದೆ. ಹೊಸದಾಗಿ ಕತ್ತರಿಸಿದ ಕೀಯಲ್ಲಿ ಯಂತ್ರದ ಹಲ್ಲಿನ ಗೆರೆಗಳು ಕಾಣುತ್ತವೆ, ಬೆರಳಾಡಿಸಿದರೆ ತರಚುತ್ತದೆ. ಷೋರೂಮಿನಿಂದ ಬಂದ ಸ್ಪೇರ್ ಕೀ ಬೇರೆಯೇ ಥರ: ಬಳಸಿರುವುದಿಲ್ಲ, ಆದರೆ ಬೈಕ್ ತಯಾರಕರ ಗುರುತು ಸ್ಪಷ್ಟವಾಗಿರುತ್ತದೆ. ಅನುಮಾನ ಬಂದರೆ ತಜ್ಞರ ಹತ್ತಿರ ಕಳಿಸಿ ವರದಿಯನ್ನೂ ತರಿಸುತ್ತಾರೆ. ಆಮೇಲೆ 'ಸುಳ್ಳು ಹೇಳಿದ್ದಾರೆ' ಅಂತ ಒಂದು ಸಾಲು ಫೈಲಿಗೆ ಬಿತ್ತು ಅಂದರೆ, ಉಳಿದದ್ದೆಲ್ಲ ನಿಜ ಇದ್ದರೂ ಯಾರೂ ನಂಬೋದಿಲ್ಲ.

ಒಂದು ಕೀ ಇಲ್ಲ ಅನ್ನುವುದು ಅಷ್ಟು ದೊಡ್ಡ ತಪ್ಪೇನೂ ಅಲ್ಲ. ಕಂಪನಿಯವರು ಎರಡು ಕೀ ಕೇಳುವುದು ಏಕೆ? ನೀವೇ ಬೈಕನ್ನು ಯಾರಿಗೋ ಮಾರಿ ಒಂದು ಕೀ ಅವರಿಗೆ ಕೊಟ್ಟು, 'ಕಳುವಾಯಿತು' ಅನ್ನುತ್ತಿದ್ದೀರಾ ಅಂತ ನೋಡೋಕೆ. ಕೀಯನ್ನು ಗಾಡಿಯಲ್ಲೇ ಬಿಟ್ಟು ಹೋಗಿದ್ದಿರಾ ಅಂತ ತಿಳಿಯೋಕೆ. ಈ ಎರಡು ಅನುಮಾನ ಹೋಗಲಾಡಿಸಿದರೆ ಆಯಿತು. ನಾನು ನೋಡಿದ ಪಾಲಿಸಿಗಳ ಷರತ್ತಿನಲ್ಲಿ 'ಎರಡೂ ಕೀ ಕೊಡದಿದ್ದರೆ ಹಣ ಇಲ್ಲ' ಅಂತ ಬರೆದದ್ದು ಕಂಡಿಲ್ಲ. ಇರುವುದು 'ವಾಹನದ ಸುರಕ್ಷತೆಗೆ ಸರಿಯಾದ ಎಚ್ಚರ ವಹಿಸಬೇಕು' ಅನ್ನುವ ಷರತ್ತು. ನಿಮ್ಮ ಪಾಲಿಸಿಯನ್ನೂ ಒಮ್ಮೆ ಓದಿ ನೋಡಿ.

ಹಾಗಾಗಿ ಇರುವ ಒಂದು ಕೀ ಕೊಡಿ, ರಸೀದಿ ತಗೊಳ್ಳಿ. ಜೊತೆಗೆ ಒಂದು ಪತ್ರ ಬರೆದುಕೊಡಿ: ಇನ್ನೊಂದು ಕೀ ಯಾವಾಗ, ಎಲ್ಲಿ, ಹೇಗೆ ಕಳೆಯಿತು, ಆಮೇಲೆ ಒಂದೇ ಕೀಯಲ್ಲಿ ಹೇಗೆ ನಡೆಸಿದಿರಿ. ಆಗ ಮನೆಯವರಿಗೋ ಮೆಕ್ಯಾನಿಕ್‌ಗೋ 'ಕೀ ಕಳೆದುಹೋಯ್ತು' ಅಂತ ವಾಟ್ಸಾಪ್‌ನಲ್ಲಿ ಹಾಕಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಕ್ಲೇಮಿಗೆ ಮುಂಚಿನ ತಾರೀಖಿನ ಒಂದು ಸಾಲು ಕೂಡ ಬೆಲೆಬಾಳುತ್ತದೆ.

ಈಗ ತಡದ ವಿಷಯ. ಫೋನಿನಲ್ಲಿ ಹೇಳಿದ್ದಕ್ಕೆ ಹೆದರಬೇಡಿ. ತಡದಲ್ಲಿ ಎರಡು ಬಗೆ ಇದೆ: ಪೊಲೀಸರಿಗೆ ತಿಳಿಸಲು ತಡ, ಕಂಪನಿಗೆ ತಿಳಿಸಲು ತಡ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಕಂಪನಿಗೆ ತಡವಾಗಿ ತಿಳಿಸಿದ ಬಗ್ಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಕಳವಾದ ತಕ್ಷಣ ಪೊಲೀಸರಿಗೆ ದೂರು ಕೊಟ್ಟಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದರು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. 2022ರಲ್ಲೂ ಇದನ್ನೇ ಮತ್ತೆ ಹೇಳಿತು. ಗಾಡಿ ಕಳೆದುಕೊಂಡವನು ಮೊದಲು ಪೊಲೀಸರ ಹತ್ತಿರ ಓಡುತ್ತಾನೆ, ಗಾಡಿ ಹುಡುಕುತ್ತಾನೆ, ಕಂಪನಿ ನೆನಪಾಗುವುದು ಆಮೇಲೆ. ಇದು ಎಲ್ಲರಿಗೂ ಗೊತ್ತಿರುವ ಮಾತು ತಾನೇ. ವಿಮಾ ನಿಯಂತ್ರಕರಾದ ಐಆರ್‌ಡಿಎಐ ಕೂಡ 2011ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಕಳಿಸಿ, ತಡವಾಯಿತು ಅನ್ನುವ ತಾಂತ್ರಿಕ ನೆಪ ಇಟ್ಟುಕೊಂಡು ನಿಜವಾದ ಕ್ಲೇಮುಗಳನ್ನು ತಳ್ಳಿಹಾಕಬೇಡಿ ಅಂತ ಕಂಪನಿಗಳಿಗೆ ಹೇಳಿದೆ.

ಪೊಲೀಸರಿಗೇ ತಡವಾಗಿ ಹೋದರೆ ಮಾತ್ರ ಕೋರ್ಟುಗಳು ಇಷ್ಟು ಮೆತ್ತಗಿರುವುದಿಲ್ಲ. ತಡವಾದಷ್ಟೂ ಗಾಡಿ ಸಿಗುವ ಸಾಧ್ಯತೆ ಕಡಿಮೆ, ಬಿಡಿಭಾಗ ಬಿಚ್ಚಿ ಮಾರಲು ಕಳ್ಳನಿಗೆ ಸಮಯ ಸಿಗುತ್ತದೆ ಅನ್ನುವುದು ಅವರ ವಾದ. ಅದರಲ್ಲಿ ಅರ್ಥ ಇದೆ. ಆದರೆ ನಿಮ್ಮ ವಿಷಯದಲ್ಲಿ ನೀವು ಅದೇ ಬೆಳಿಗ್ಗೆ 112ಕ್ಕೆ ಫೋನ್ ಮಾಡಿದ್ದೀರಿ. ಇದೇ ನಿಮ್ಮ ಕೈಲಿರುವ ತುರುಪು. ನಿಮ್ಮ ಮೊಬೈಲಿನ ಕಾಲ್ ಹಿಸ್ಟರಿ ಅಳಿಸಿಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. 112ರಿಂದ ಎಸ್‌ಎಂಎಸ್ ಬಂದಿದ್ದರೆ ಅದನ್ನೂ ಇಟ್ಟುಕೊಳ್ಳಿ. ಮೂರನೇ ದಿನ ದೂರು ಕೊಟ್ಟಾಗ ಠಾಣೆಯಲ್ಲಿ ಸ್ವೀಕೃತಿ ಕೊಟ್ಟಿರಬೇಕು. ಅದರ ಪ್ರತಿ ಇರಲಿ. ಕಂಪನಿಗೆ ಬರೆಯುವ ಪತ್ರದಲ್ಲಿ ದಿನವಾರು ಬರೆಯಿರಿ: ಇಂಥ ದಿನ ಬೆಳಿಗ್ಗೆ ಇಷ್ಟು ಗಂಟೆಗೆ ನೋಡಿದೆ, ಇಷ್ಟು ಗಂಟೆಗೆ 112, ಪೊಲೀಸರು ಹೀಗೆ ಹೇಳಿದರು, ಇಂಥ ದಿನ ದೂರು, ಇಂಥ ದಿನ ಎಫ್‌ಐಆರ್. ವಿವರಣೆ ಇಷ್ಟೇ ಸಾಕು. ಅಳು, ಕೋಪ, ವಕೀಲರ ಭಾಷೆ ಯಾವುದೂ ಬೇಡ.

ಓದುತ್ತಿರುವ ಬೇರೆಯವರಿಗೆ ಒಂದು ಮಾತು. 'ಎರಡು ದಿನ ಹುಡುಕಿ ಬನ್ನಿ' ಅಂದರೆ ಹುಡುಕಿ, ಬೇಡ ಅನ್ನಲ್ಲ. ಆದರೆ ದೂರನ್ನು ಅವತ್ತೇ ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕಳವು ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನಿನಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ದೂರನ್ನು ತಗೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಆ ಅಂಚೆ ರಸೀದಿಯೂ ಒಂದು ಸಾಕ್ಷಿ.

ನಿಮ್ಮ ಎಫ್‌ಐಆರ್ ಕೈಗೆ ತಗೊಂಡು ಯಾವ ಕಲಂ ಹಾಕಿದ್ದಾರೆ ನೋಡಿ. ಕಳವು ಅಂದರೆ ಭಾರತೀಯ ನ್ಯಾಯ ಸಂಹಿತೆಯ 303(2). ಮೊದಲು ಐಪಿಸಿ 379 ಇತ್ತಲ್ಲ, ಅದೇ. ಕೆಲವರದು ಇಲ್ಲೇ ಎಡವುತ್ತದೆ. ಗೆಳೆಯನಿಗೆ ಬೈಕ್ ಕೊಟ್ಟು ಅವನು ವಾಪಸ್ ತರಲಿಲ್ಲ ಅಂದರೆ ಅದು ನಂಬಿಕೆದ್ರೋಹ, 316ನೇ ಕಲಂ. ಕಂಪನಿ ಅದನ್ನು ಕಳವು ಅಂತ ಒಪ್ಪೋದಿಲ್ಲ. ನಿಮ್ಮದು ಹಾಗಲ್ಲ, ಸರಿ. ಆದರೆ ಚಾಸಿ ನಂಬರ್, ಇಂಜಿನ್ ನಂಬರ್‌ಗಳನ್ನು ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿ ನೋಡಿ. ಒಂದು 8 ಹೋಗಿ 3 ಆಗಿದ್ದಕ್ಕೆ ಆರು ತಿಂಗಳು ಓಡಾಡಿದವರನ್ನು ನಾನು ಕಂಡಿದ್ದೇನೆ. ತಪ್ಪಿದ್ದರೆ ಈಗಲೇ ಠಾಣೆಗೆ ಅರ್ಜಿ ಕೊಟ್ಟು ತಿದ್ದುಪಡಿಯ ಹಿಂಬರಹ ಪಡೆಯಿರಿ.

ಇನ್ನೊಂದು ಕಾಗದ ಇವತ್ತೇ ತೆಗೆದು ನೋಡಬೇಕು: ಪಾಲಿಸಿ ಶೆಡ್ಯೂಲ್, ಅಂದರೆ ವಿಮೆಯ ಅವಧಿ, ಮೊತ್ತ ಬರೆದಿರುವ ಹಾಳೆ. ಐಡಿವಿ 70,000 ಅಂತ ನೀವೇ ಬರೆದಿದ್ದೀರಿ, ಆದ್ದರಿಂದ ಸರಿಯಾಗೇ ಇರಬಹುದು. ಆದರೂ ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ) ಕಡ್ಡಾಯ. ಷೋರೂಮಿನವರು 'ಐದು ವರ್ಷ ಚಿಂತೆ ಇಲ್ಲ' ಅಂದುಬಿಡುತ್ತಾರೆ. ಆದರೆ ಆ ಹಾಳೆಯಲ್ಲಿ ಅವಧಿಯ ಕಾಲಂ ಎರಡಿರುತ್ತವೆ. ಒಂದು ಥರ್ಡ್ ಪಾರ್ಟಿಯದು, ಅದು ಐದು ವರ್ಷ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೇ ಆದ ನಷ್ಟದ್ದು, ಅದು ಬಹಳ ಸಲ ಬರೀ ಒಂದು ವರ್ಷ. ಕಳವಿಗೆ ಹಣ ಬರುವುದು ಈ ಎರಡನೆಯದರಿಂದ ಮಾತ್ರ. ಒಂದೇ ವರ್ಷದ್ದಾಗಿದ್ದು, ಅದನ್ನು ಮತ್ತೆ ರಿನ್ಯೂ ಮಾಡಿಸದಿದ್ದರೆ ಕಳುವಾದಾಗ ಕೈಗೆ ಸಿಗುವುದು ಸೊನ್ನೆ. ಟ್ರಾಫಿಕ್ ಪೊಲೀಸರು ಹಿಡಿದಾಗ ತೋರಿಸೋಕೆ ಥರ್ಡ್ ಪಾರ್ಟಿ ಸಾಕು, ಹಾಗಾಗಿ ಎಷ್ಟೋ ಜನಕ್ಕೆ ಬೈಕ್ ಹೋದ ಮೇಲೇ ಇದು ಗೊತ್ತಾಗುತ್ತದೆ. ಕಂಪನಿಯವರು ನಿಮ್ಮ ಹತ್ತಿರ ಕೀ ಕೇಳುತ್ತಿದ್ದಾರೆ ಅಂದರೆ ನಿಮ್ಮದು ಚಾಲ್ತಿಯಲ್ಲಿದೆ ಅನಿಸುತ್ತದೆ.

ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಸಿ ನಿಮ್ಮ ಹೆಸರಿಗೆ ಬಂದರೆ ಸಾಲದು. 14 ದಿನದೊಳಗೆ ಪಾಲಿಸಿಯನ್ನೂ ಹೆಸರು ಬದಲಾಯಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 157ನೇ ಕಲಂ ಪ್ರಕಾರ ತಾನಾಗಿಯೇ ವರ್ಗವಾಗುವುದು ಥರ್ಡ್ ಪಾರ್ಟಿ ಭಾಗ ಮಾತ್ರ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹೊಸ ಗಾಡಿಯವರು ತಾತ್ಕಾಲಿಕ ನೋಂದಣಿ ಮುಗಿಯಲು ಬಿಡಬೇಡಿ. ನೋಂದಣಿ ಇಲ್ಲದೆ ಓಡಿಸಿದ ಕಾರು ಕಳುವಾದಾಗ ಕ್ಲೇಮ್ ಇಲ್ಲ ಅಂತ 2021ರಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟಿದೆ.

ಸರಿ, ನಿಮ್ಮ ಫೈಲಿಗೆ ಬರೋಣ. ಕಂಪನಿ ಒಬ್ಬ ಇನ್ವೆಸ್ಟಿಗೇಟರ್‌ನ ಕಳಿಸುತ್ತದೆ. ಆತ ಚಹಾ ಕುಡಿಯುತ್ತಾ ಹರಟೆಯ ಥರವೇ ಕೇಳುತ್ತಾನೆ. ಬೈಕ್ ಎಲ್ಲಿ ನಿಲ್ಲಿಸಿದ್ದಿರಿ, ಕೊನೆಗೆ ಓಡಿಸಿದ್ದು ಯಾರು, ಮೀಟರ್ ಎಷ್ಟು ಓಡಿತ್ತು, ಲಾಕ್ ಹಾಕಿದ್ದಿರಾ. ಆಮೇಲೆ ಪಕ್ಕದ ಮನೆಯವರನ್ನೂ ಇದನ್ನೇ ಕೇಳುತ್ತಾನೆ. ಸರ್ವೀಸ್ ಸೆಂಟರಿಗೆ ಹೋಗಿ ಕೊನೆಯ ಜಾಬ್ ಕಾರ್ಡಿನ ಕಿಲೋಮೀಟರ್ ನೋಡುತ್ತಾನೆ. ಎದುರು ಮನೆಯ ಸಿಸಿಟಿವಿ ಇದೆಯಾ ಅಂತ ವಿಚಾರಿಸುತ್ತಾನೆ. ಆತ ನಿಮ್ಮ ಶತ್ರು ಅಲ್ಲ. ಆದರೆ ಎಫ್‌ಐಆರ್‌ನಲ್ಲಿರುವುದು, ಕ್ಲೇಮ್ ಫಾರ್ಮಿನಲ್ಲಿರುವುದು, ನಿಮ್ಮ ಬಾಯಲ್ಲಿ ಬಂದದ್ದು ಈ ಮೂರೂ ಒಂದೇನಾ ಅಂತ ನೋಡುವುದೇ ಆತನ ಕೆಲಸ. ಎಫ್‌ಐಆರ್‌ನಲ್ಲಿ 'ರಾತ್ರಿ 10 ಗಂಟೆಗೆ ನಿಲ್ಲಿಸಿದೆ' ಅಂತಿದ್ದು, ಫಾರ್ಮಿನಲ್ಲಿ 11.30 ಅಂತ ಬರೆದರೆ ಅಲ್ಲೊಂದು ಕೆಂಪು ಗೆರೆ ಬೀಳುತ್ತದೆ. ಹಾಗಾಗಿ ಎಫ್‌ಐಆರ್ ಪ್ರತಿ ಎದುರಿಗಿಟ್ಟುಕೊಂಡೇ ಫಾರ್ಮ್ ತುಂಬಿ. ನೆನಪಿಲ್ಲದ್ದನ್ನು 'ನೆನಪಿಲ್ಲ' ಅನ್ನಿ. ಆತ ಬರೆದುಕೊಂಡ ಹೇಳಿಕೆಯನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ. ಸಹಿ ಹಾಕಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಯಾರೂ ಬೇಡ ಅನ್ನಲ್ಲ.

ಯಾರಿಗಾದರೂ ನಿಜವಾಗಿಯೂ ಕೀ ಗಾಡಿಯಲ್ಲೇ ಬಿಟ್ಟ ತಪ್ಪು ಆಗಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಚಾಲಕ ಕೀ ಬಿಟ್ಟು ಇಳಿದಾಗ ಕಳುವಾದ ಲಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಶೇ. 75ರಷ್ಟು ಹಣ ಕೊಡಿಸಿತು. ಇದನ್ನು ವಿಮೆಯವರು 'ನಾನ್ ಸ್ಟ್ಯಾಂಡರ್ಡ್' ಇತ್ಯರ್ಥ ಅನ್ನುತ್ತಾರೆ. ನಿಮ್ಮ 70,000ಕ್ಕೆ ಲೆಕ್ಕ ಹಾಕಿದರೆ 52,500. ಇದನ್ನು ಏಕೆ ಹೇಳಿದೆ ಅಂದರೆ, ಕೆಲವು ಸಲ ಕಂಪನಿಯವರು ಏನೂ ತಪ್ಪಿಲ್ಲದವರಿಗೂ 'ನಾನ್ ಸ್ಟ್ಯಾಂಡರ್ಡ್‌ನಲ್ಲಿ ಮುಗಿಸೋಣ' ಅಂತ ಕೇಳಿ ನೋಡುತ್ತಾರೆ. ಹ್ಯಾಂಡಲ್ ಲಾಕ್ ಹಾಕಿ ಮನೆ ಮುಂದೆ ನಿಲ್ಲಿಸಿದ ನೀವು ಅದಕ್ಕೆ ಒಪ್ಪಬೇಕಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವುದು ಪೊಲೀಸರ ಅಂತಿಮ ವರದಿ. ಕರ್ನಾಟಕದಲ್ಲಿ ಇದಕ್ಕೆ 'ಸಿ ರಿಪೋರ್ಟ್' ಅನ್ನುತ್ತಾರೆ. ಕಳವು ಆಗಿದ್ದು ನಿಜ, ಆದರೆ ಪತ್ತೆ ಆಗಿಲ್ಲ ಅಂತ ಅರ್ಥ. 'ಬಿ ರಿಪೋರ್ಟ್' ಬೇರೆ. ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದ್ದು ಅಂದಾಗ ಅದನ್ನು ಹಾಕುತ್ತಾರೆ, ಅದು ಬಂದರೆ ಕ್ಲೇಮ್ ಹೋದ ಹಾಗೇ. ಸಿ ರಿಪೋರ್ಟ್ ಕೋರ್ಟಿಗೆ ಹೋಗಿ, ಕೋರ್ಟ್ ಅದನ್ನು ಒಪ್ಪಿ, ನಿಮಗೆ ದೃಢೀಕೃತ ಪ್ರತಿ ಸಿಗೋಕೆ ತಿಂಗಳುಗಳೇ ಹಿಡಿಯುತ್ತವೆ. ಠಾಣೆಗೆ ಹದಿನೈದು ದಿನಕ್ಕೊಮ್ಮೆ ಹೋಗಿ, ಕ್ರೈಂ ನಂಬರ್ (ಎಫ್‌ಐಆರ್ ನಂಬರ್) ಹೇಳಿ ವಿಚಾರಿಸಿ. ತನಿಖೆ ಎಲ್ಲಿಗೆ ಬಂದಿದೆ ಅನ್ನುವುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂನಲ್ಲಿದೆ. ಇದನ್ನು ಜಗಳದ ದನಿಯಲ್ಲಿ ಹೇಳದೆ ಒಂದು ಅರ್ಜಿಯಲ್ಲಿ ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ. ರೈಟರ್ (ಠಾಣೆಯ ಕಾಗದಪತ್ರ ನೋಡುವವರು) ಹತ್ತಿರ ಸ್ವಲ್ಪ ಸೌಜನ್ಯದಿಂದಿರಿ, ನಿಮ್ಮ ಕಡತ ಮೇಲಕ್ಕೆ ಬರುವುದು ಅವರ ಕೈಯಿಂದಲೇ.

ಈ ಮಧ್ಯೆ ಆರ್‌ಟಿಒ ಕಚೇರಿಗೆ ಎಫ್‌ಐಆರ್ ಪ್ರತಿ ಲಗತ್ತಿಸಿ ಒಂದು ಪತ್ರ ಕೊಡಿ, ಮುದ್ರೆ ಹಾಕಿಸಿಕೊಳ್ಳಿ. ಕಳ್ಳ ಆ ನಂಬರ್ ಪ್ಲೇಟಿನಲ್ಲೇ ಓಡಾಡಿ ಸಿಗ್ನಲ್ ಹಾರಿದರೆ ದಂಡದ ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಅಪಘಾತ ಮಾಡಿದರಂತೂ ಇನ್ನೂ ತಲೆನೋವು. ಆಗ ಈ ಮುದ್ರೆ ಬಿದ್ದ ಪತ್ರ ಕಾಪಾಡುತ್ತದೆ. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ಆದರೆ ಇಎಂಐ ನಿಲ್ಲಿಸಬೇಡಿ! 'ಗಾಡಿನೇ ಇಲ್ಲ, ಕಂತು ಯಾಕೆ ಕಟ್ಟಲಿ' ಅಂತ ಅನಿಸುವುದು ಸಹಜ. ಸಾಲ ತಗೊಂಡಿದ್ದು ನೀವು, ಬೈಕಲ್ಲ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ, ದಂಡ ಸೇರುತ್ತದೆ, ಆ ದಂಡವೂ ನಿಮ್ಮ ಕ್ಲೇಮ್ ಹಣದಲ್ಲೇ ಕಳೆದುಹೋಗುತ್ತದೆ.

ಕ್ಲೇಮ್ ಮಂಜೂರಾಗುವ ಹಂತಕ್ಕೆ ಬಂದಾಗ ಅಸಲು ಆರ್‌ಸಿ, ಸಹಿ ಹಾಕಿದ ಫಾರ್ಮ್ 28, 29, 30 (ಮಾಲೀಕತ್ವ ವರ್ಗಾವಣೆಯ ಆರ್‌ಟಿಒ ಫಾರ್ಮುಗಳು), ಛಾಪಾ ಕಾಗದದ ಮೇಲೆ ನಷ್ಟಭರ್ತಿ ಮುಚ್ಚಳಿಕೆ, ಹಕ್ಕು ವರ್ಗಾವಣೆ ಪತ್ರ ಕೇಳುತ್ತಾರೆ. ಇಷ್ಟೊಂದು ಯಾಕೆ ಅಂದರೆ, ಹಣ ಕೊಟ್ಟ ಮೇಲೆ ಬೈಕ್ ವಿಮಾ ಕಂಪನಿಯದಾಗುತ್ತದೆ. ಸಾಲ ಇರುವುದರಿಂದ ಬ್ಯಾಂಕಿನ ಬಾಕಿ ಪತ್ರ, ಸಾಲ ತೀರಿದ ಮೇಲೆ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ಮತ್ತು ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್) ಕೂಡ ಬೇಕಾಗುತ್ತದೆ.

ಹಣದ ಲೆಕ್ಕ ಹೀಗೆ. ಐಡಿವಿ ಲೆಕ್ಕ ಹಾಕುವುದು ಎಕ್ಸ್ ಷೋರೂಂ ಬೆಲೆಯ ಮೇಲೆ. ನೀವು ಕಟ್ಟಿದ ರಸ್ತೆ ತೆರಿಗೆ, ನೋಂದಣಿ, ವಿಮೆ ಅದರಲ್ಲಿ ಸೇರುವುದಿಲ್ಲ. ಎರಡು ವರ್ಷ ದಾಟಿ ಮೂರರೊಳಗಿನ ಗಾಡಿಗೆ ಸವಕಳಿ ಶೇ. 30, ಹಾಗಾಗಿ ಒಂದು ಲಕ್ಷದ ಬೈಕ್ 70,000 ಆಗುತ್ತದೆ. ಪಾಲಿಸಿ ಶುರುವಾದ ದಿನ ನಿಗದಿಯಾದ ಈ ಮೊತ್ತವೇ ಆ ಪೂರ್ತಿ ವರ್ಷಕ್ಕೆ ಲೆಕ್ಕ. ನಡುವೆ 'ಈಗ ಮಾರ್ಕೆಟ್ ಬೆಲೆ ಇಷ್ಟೇ' ಅಂತ ಕಡಿತ ಮಾಡುವಂತಿಲ್ಲ. ಕಡ್ಡಾಯ ಕಡಿತ, ಅಂದರೆ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಪಾಲು, ದ್ವಿಚಕ್ರ ವಾಹನಕ್ಕೆ 100 ರೂಪಾಯಿ. ನೀವು ಸ್ವಯಂ ಕಡಿತ ಒಪ್ಪಿದ್ದರೆ ಅದೂ ಹೋಗುತ್ತದೆ. ಒಪ್ಪಿಲ್ಲ ಅಂದುಕೊಂಡರೆ 69,900 ಉಳಿಯಿತು. ಅದರಲ್ಲಿ 18,000 ಬ್ಯಾಂಕಿಗೆ ಮೊದಲು ಹೋಗುತ್ತದೆ, 51,900 ನಿಮ್ಮ ಖಾತೆಗೆ. ನೀವು ಕಂತು ಕಟ್ಟುತ್ತಾ ಹೋದಷ್ಟೂ ನಿಮ್ಮ ಪಾಲು ಹೆಚ್ಚುತ್ತದೆ. 'ರಿಟರ್ನ್ ಟು ಇನ್ವಾಯ್ಸ್' ಅನ್ನುವ ಹೆಚ್ಚುವರಿ ಕವರ್ ಇದ್ದರೆ ಬಿಲ್ಲಿನ ಬೆಲೆವರೆಗೂ ಸಿಗುತ್ತದೆ. ಶೆಡ್ಯೂಲಿನಲ್ಲಿ ಅದು ಇದೆಯಾ ನೋಡಿ, ಎಷ್ಟೋ ಸಲ ಏಜೆಂಟರು ಹಾಕಿಸಿರುತ್ತಾರೆ, ಮಾಲೀಕರಿಗೇ ಗೊತ್ತಿರಲ್ಲ.

ಒಂದು ವೇಳೆ ತಿರಸ್ಕರಿಸಿದರೆ? ಫೋನಿನ ಮಾತು ತಿರಸ್ಕಾರ ಅಲ್ಲ. 'ಯಾವ ಷರತ್ತಿನ ಪ್ರಕಾರ ಅಂತ ಬರೆದುಕೊಡಿ' ಅಂತ ಇಮೇಲ್ ಹಾಕಿ. ಬರೆಯಲೇಬೇಕಾದಾಗ ಎಷ್ಟೋ ಜನ ಸುಮ್ನಾಗುತ್ತಾರೆ. ಬರೆದುಕೊಟ್ಟರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೊದಲು ದೂರು. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು, ಅಥವಾ 155255ಕ್ಕೆ ಫೋನ್ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ, ಆದರೆ ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಒಪ್ಪದಿದ್ದರೆ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ, ಅದಕ್ಕೆ ಎರಡು ವರ್ಷದ ಗಡುವು. ಆದರೆ ಮೊದಲೇ ಗ್ರಾಹಕ ಆಯೋಗಕ್ಕೆ ಹೋಗಿಬಿಟ್ಟರೆ ಒಂಬುಡ್ಸ್‌ಮನ್ ನಿಮ್ಮ ದೂರು ತಗೊಳ್ಳುವುದಿಲ್ಲ. ಇಂಥ ಸಣ್ಣ ಮೊತ್ತಕ್ಕೆ ನನ್ನ ಸಲಹೆ ಒಂಬುಡ್ಸ್‌ಮನ್ ಮೊದಲು.

ಕೊನೆಗೆ, ಬೈಕ್ ಸಿಕ್ಕಿಬಿಟ್ಟರೆ? ಹಣ ಬರುವ ಮೊದಲು ಸಿಕ್ಕರೆ ಕಂಪನಿಗೆ ಅವತ್ತೇ ತಿಳಿಸಿ. ಕೋರ್ಟಿಗೆ ಅರ್ಜಿ ಹಾಕಿ ಗಾಡಿ ಬಿಡಿಸಿಕೊಳ್ಳಿ. ಸೀಟು, ಬ್ಯಾಟರಿ, ಸೈಲೆನ್ಸರ್ ಏನೇನು ಹೋಗಿದೆ ಅದನ್ನು ಡ್ಯಾಮೇಜ್ ಕ್ಲೇಮ್ ಆಗಿ ಕೇಳಬಹುದು. ರಿಪೇರಿಗೆ ಕೈ ಹಾಕುವ ಮೊದಲು ಸರ್ವೇಯರ್ ನೋಡಿರಬೇಕು. ಹಣ ಬಂದ ಮೇಲೆ ಠಾಣೆಯಿಂದ ಫೋನ್ ಬಂದರೆ, ಕ್ಲೇಮ್ ನಂಬರ್ ಸಮೇತ ಅದನ್ನು ಕಂಪನಿಗೆ ದಾಟಿಸಿ. ನೀವು ಹೋಗಿ ಬಿಡಿಸಿಕೊಂಡು ಬರಬೇಡಿ, ಆ ಬೈಕ್ ಆಗ ನಿಮ್ಮದಲ್ಲ.